ಕೆಂಪು ಚೌಕಗಳ ಪಾಳಿ

ಕಂಪ್ಯೂಟರಿನ ಮೆಮರಿ ಚಿಪ್ಪಿನ ಮುಚ್ಚಳ ತೆಗೆಯುವುದನ್ನು ನಾನು ಕಲಿತದ್ದು ಜಮಖಂಡಿಯ ಕಾಲೇಜಿನಲ್ಲಿ, ಕೆಮಿಸ್ಟ್ರಿ ಲ್ಯಾಬಿನ ಹಿಂದಿನ ಕಟ್ಟೆಯ ಮೇಲೆ. ಚಿಪ್ಪಿನ ಕರಿ ಪ್ಲಾಸ್ಟಿಕ್ಕಿನ ಮೇಲೆ ಬಿಸಿ ನೈಟ್ರಿಕ್ ಆಮ್ಲವನ್ನು ಹನಿಹನಿಯಾಗಿ ಬಿಡಬೇಕು. ಪ್ಲಾಸ್ಟಿಕ್ ಕರಗಿ ಒಳಗಿನ ಸಿಲಿಕಾನ್ ತುಣುಕು ಕಣ್ಣಿಗೆ ಕಾಣಬೇಕು, ಆದರೆ ಅದಕ್ಕೆ ಅಂಟಿದ ಕೂದಲಿಗಿಂತ ಸಣ್ಣ ತಂತಿಗಳು ಕಡಿಯಬಾರದು. ಮೊದಮೊದಲು ನಾನು ಸುಟ್ಟದ್ದೇ ಸುಟ್ಟದ್ದು. ಹೊಗೆಗೆ ಕೆಮ್ಮುತ್ತ, ಕಣ್ಣು ಒರೆಸಿಕೊಳ್ಳುತ್ತ ಬಾಯಿಗೆ ಬಂದಂತೆ ಬಯ್ಯುತ್ತಿದ್ದೆ. ಲ್ಯಾಬಿನ ಅಟೆಂಡರ್ ಕಿಟಕಿಯಿಂದ ಇಣುಕಿ, "ಯಾರಿಗ್ರೀ ಮೇಡಂ, ಬಯ್ಯಾಕತ್ತೀರಿ?" ಎಂದು ಕೇಳಿದರೆ, "ಚಿಪ್ಪಿಗೆ" ಅನ್ನುತ್ತಿದ್ದೆ. ಅವರು ತಲೆಯಾಡಿಸಿ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು.

ಈ ಉಸಾಬರಿ ಯಾಕೆಂದರೆ, ಹಲವು ಕಾಲೇಜುಗಳು ಕೂಡಿ ಒಂದು ಸಣ್ಣ ಉಪಗ್ರಹ ಕಟ್ಟುತ್ತಿದ್ದವು. ಎರಡು ಸಾವಿರದ ಹತ್ತು ದಾಟಿದ ಮೇಲಿನ ಮಾತು. ಉಪಗ್ರಹ ಎಂದರೆ ದೊಡ್ಡದೇನಲ್ಲ, ಮದುವೆಯಲ್ಲಿ ಕೊಡುವ ಬುಂದಿಯ ಡಬ್ಬಿಗಿಂತ ಒಂದಿಷ್ಟು ದೊಡ್ಡದು. ಅದು ತೆಗೆದ ಚಿತ್ರ, ಮಾಡಿದ ಅಳತೆ ಎಲ್ಲವನ್ನೂ ನೆಲಕ್ಕೆ ಕಳಿಸುವ ತನಕ ಜೋಪಾನವಾಗಿ ಇಟ್ಟುಕೊಳ್ಳುವ ಮೆಮರಿ ಬೋರ್ಡು ನಮ್ಮ ಪಾಲಿಗೆ ಬಂದಿತ್ತು. ನಮ್ಮ ಪಾಲಿಗೆ ಎಂದರೆ ನಮ್ಮ ವಿಭಾಗದ ಮುಖ್ಯಸ್ಥರಾದ ಸರ್ ಮತ್ತು ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದ ನಾನು, ಇಬ್ಬರೇ. ಬೇರೆ ಕಾಲೇಜಿನವರು ಫೋನಿನಲ್ಲಿ, "ಜಮಖಂಡಿ ಎಲ್ಲಿ ಬರುತ್ತೆ ಮೇಡಂ?" ಎಂದು ಕೇಳುತ್ತಿದ್ದರು. "ಮುಧೋಳದ ಹತ್ತಿರ" ಎಂದರೆ, "ಮುಧೋಳ ಎಲ್ಲಿ ಬರುತ್ತೆ?" ಅನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮ ಬೋರ್ಡು ಮೇಲೆ ಹೋಗಲೇಬೇಕು ಎಂಬ ಹಟ ಅಲ್ಲಿಂದಲೇ ಶುರುವಾಯಿತು ಅನಿಸುತ್ತದೆ.

ಮೇಲೆ ಹೋಗಲು ಒಂದೇ ಅಡ್ಡಿ. ಆಕಾಶದಾಚೆ ಸೂರ್ಯನಿಂದ, ಅದಕ್ಕೂ ದೂರದ ನಕ್ಷತ್ರಗಳಿಂದ ಬರುವ ಕಣಗಳು ಕಲ್ಲೆಸೆದಂತೆ ಬಡಿಯುತ್ತಲೇ ಇರುತ್ತವೆ. ಒಂದು ಕಣ ಚಿಪ್ಪಿನೊಳಗೆ ಹೊಕ್ಕರೆ ಅಲ್ಲಿ ಬರೆದಿಟ್ಟ 'ಒಂದು' ಎಂಬ ಅಂಕಿ ಸೊನ್ನೆಯಾಗಬಹುದು, ಸೊನ್ನೆ ಒಂದಾಗಬಹುದು. ಇದನ್ನು ತಡೆಯುವ ಗಟ್ಟಿ ಚಿಪ್ಪುಗಳು ನಮ್ಮಂಥವರಿಗೆ ಸಿಗುವುದಿಲ್ಲ. ನಾವು ಆರಿಸಿದ್ದು ಅಂಗಡಿಯಲ್ಲಿ ಸಿಗುವ ಸಾದಾ ಚಿಪ್ಪು. ಉಪಗ್ರಹದ ಸಮಿತಿಯವರು ಖಡಾಖಂಡಿತ ಹೇಳಿಬಿಟ್ಟಿದ್ದರು: ಕಣ ವೇಗವರ್ಧಕದ ಮುಂದೆ ಇಟ್ಟು ತೋರಿಸಿ, ಬರೆದದ್ದರಲ್ಲಿ ಒಂದು ಸಾಲೂ ಕಳೆದುಹೋಗದಿದ್ದರೆ ನಿಮ್ಮ ಬೋರ್ಡು ಹಾರುತ್ತದೆ, ಇಲ್ಲದಿದ್ದರೆ ಬೇರೆಯವರದ್ದು ಹಾಕುತ್ತೇವೆ.

ಕಣ ವೇಗವರ್ಧಕ ಎಂದರೆ ಪರಮಾಣುಗಳನ್ನು ಭಾರಿ ವೇಗಕ್ಕೆ ಏರಿಸಿ ಗುರಿಯಿಟ್ಟು ಬಿಡುವ ಯಂತ್ರ. ಮೇಲೆ ವರ್ಷಗಟ್ಟಲೆ ಬೀಳುವ ಪೆಟ್ಟುಗಳನ್ನು ಅದರ ಬೀಮಿನಲ್ಲಿ, ಅಂದರೆ ಕಣಗಳ ಧಾರೆಯಲ್ಲಿ, ಗಂಟೆಗಳಲ್ಲಿ ತಿನ್ನಿಸಬಹುದು. ಆ ಬೀಮ್ ಚಿಪ್ಪಿನ ಪ್ಲಾಸ್ಟಿಕ್ಕನ್ನು ದಾಟಿ ಒಳಗೆ ಹೋಗಲಾರದು, ಮುಚ್ಚಳ ತೆಗೆಯುವ ಕೆಲಸ ಅದಕ್ಕೇ. ಅದಿದ್ದದ್ದು ಉತ್ತರದ ಕಡೆಯ ಒಂದು ದೊಡ್ಡ ಊರಿನಲ್ಲಿ. ದೇಶದ ಮೂಲೆಮೂಲೆಯವರು ಅದಕ್ಕಾಗಿ ಸರದಿ ಕಾಯುತ್ತಾರೆ. ನಾವೂ ಕಾದೆವು. ಕೊನೆಗೆ ಒಂದೇ ಒಂದು ಹಗಲಿನ ಪಾಳಿ ಸಿಕ್ಕಿತು.

ಹೊರಡುವ ವಾರ ಸರ್ ಅವರ ಕಣ್ಣಿನ ಆಪರೇಷನ್ ಆಯಿತು. ಪ್ರಯಾಣ ಕೂಡದು ಎಂದು ಡಾಕ್ಟರು ಹೇಳಿದರು. ನಾನೊಬ್ಬಳೇ ಹೋಗುತ್ತೇನೆ ಎಂದು ರಬಕವಿಯ ಮನೆಯಲ್ಲಿ ಹೇಳಿದರೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಒಬ್ಬಾಕೀನ ಅಷ್ಟು ದೂರ ಕಳಸೂದಿಲ್ಲ. ನಿಮ್ಮಪ್ಪನ ಕರಕೊಂಡು ಹೋಗು."

"ಅಪ್ಪ ಬಂದು ಅಲ್ಲಿ ಏನ್ ಮಾಡ್ತಾನಬೇ?"

"ಸುಮ್ಮ ಕುಂಡರ್ತಾನ. ನಿನಗೇನು ತ್ರಾಸು?"

ಅಪ್ಪ ಸುಮ್ಮನೆ ಕೂತದ್ದನ್ನು ನಾನಂತೂ ನೋಡಿರಲಿಲ್ಲ. ಅವನು ನೇಕಾರ. ಮೊದಲು ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದವನು, ಆಮೇಲೆ ಕರೆಂಟಿನ ಮಗ್ಗ ಎರಡು ಹಾಕಿಕೊಂಡು ಅವೆರಡರ ನಡುವೆ ದಿನವಿಡೀ ಓಡಾಡಿದವನು. ಆ ಮಗ್ಗಗಳ ಸದ್ದಿಗೆ ಅವನ ಕಿವಿ ಮಂದವಾಗಿತ್ತು. ಆ ಸದ್ದಿನಲ್ಲೇ ಬೆಳೆದ ನಮಗೆಲ್ಲ ಕೂಗಿ ಮಾತಾಡುವುದೇ ರೂಢಿ. ನನ್ನ ಗಂಟಲು ದೊಡ್ಡದು, ಸಿಟ್ಟು ಅದಕ್ಕಿಂತ ದೊಡ್ಡದು. ಕಾಲೇಜಿನಲ್ಲಿ ಹುಡುಗರು ನನ್ನ ಕ್ಲಾಸಿನ ಪಾಠವನ್ನು ಪಕ್ಕದ ಕ್ಲಾಸಿನಲ್ಲಿ ಕೂತು ಕೇಳಬಹುದು ಎಂದು ನಗುತ್ತಿದ್ದರು.

ಅಪ್ಪ ಮಗ್ಗ ನಿಲ್ಲಿಸಿ, ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡು ಹೊರಟ. ಅವ್ವ ಗರಿಗರಿ ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿ ಒಂದು ಓಣಿಗೆ ಆಗುವಷ್ಟು ಕಟ್ಟಿದ್ದಳು. ಮುಚ್ಚಳ ತೆಗೆದ ನಾಲ್ಕು ಚಿಪ್ಪುಗಳ ಡಬ್ಬಿಯನ್ನು ನಾನು ರೈಲಿನಲ್ಲಿ ಎದೆಗೆ ಅವಚಿಕೊಂಡೇ ಮಲಗಿದೆ. ಅಪ್ಪ ಎದುರಿನ ಸೀಟಿನವರಿಗೆ ರೊಟ್ಟಿ ಕೊಟ್ಟು, ತನ್ನ ಅರ್ಧ ಮರಾಠಿ ಅರ್ಧ ಹಿಂದಿಯಲ್ಲಿ, ನನ್ನ ಮಗಳು ಆಕಾಶಕ್ಕೆ ಸಾಮಾನು ಕಳಿಸುವವಳು ಎಂದು ಇಡೀ ಬೋಗಿಗೆ ಕೇಳುವಂತೆ ಹೇಳಿದ. ನಾನು ಚಾದರ ಮುಖದ ಮೇಲೆ ಎಳೆದುಕೊಂಡೆ.

ಯಂತ್ರದ ಕಡೆಯವರು ಒಳ್ಳೆಯವರು. ಬೀಮ್ ಬರುವ ಕೋಣೆಗೆ ಯಾರೂ ಹೋಗುವಂತಿಲ್ಲ, ಆದರೆ ಗೋಡೆಯಾಚೆ ಕಂಪ್ಯೂಟರ್ ಇಟ್ಟ ಕೋಣೆಯಲ್ಲಿ ನಿಮ್ಮ ತಂದೆ ಕೂಡಬಹುದು ಎಂದು ಅಪ್ಪನಿಗೂ ಒಂದು ಪಾಸು ಕೊಟ್ಟರು. ಅಪ್ಪ ಅದನ್ನು ಕೊರಳಿಗೆ ಹಾಕಿಕೊಂಡು, ಮೇಜಿನ ಅಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಕೂತ. ಮನೆಯಲ್ಲಿ ಮಗ್ಗಕ್ಕೆ ದಿನಾ ಹಾಗೆ ಮಾಡಿಯೇ ಕೆಲಸ ಶುರು ಮಾಡುವವನು. ಯಂತ್ರ ನಡೆಸುವ ಹಿರಿಯರು ಅದನ್ನು ನೋಡಿ ತಾವೂ ಕೈಮುಗಿದರು.

ನನ್ನ ಪರದೆಯ ತುಂಬ ಹಸಿರು ಚೌಕಗಳಿದ್ದವು. ಒಂದೊಂದು ಚೌಕವೂ ಚಿಪ್ಪಿನಲ್ಲಿ ಬರೆದಿಟ್ಟ ಒಂದೊಂದು ಸಾಲು. ಸಾಲಿನಲ್ಲಿ ಒಂದು ತಪ್ಪು ಬಿದ್ದರೆ ಚೌಕ ಕೆಂಪಾಗುತ್ತದೆ. ಪ್ರತಿ ಸಾಲಿಗೂ ನಾನು ಕೆಲವು ಹೆಚ್ಚಿನ ಗುರುತುಗಳನ್ನು ಸೇರಿಸಿದ್ದರಿಂದ ಒಂದು ತಪ್ಪಿದ್ದರೆ ಅದು ಎಲ್ಲಿದೆಯೆಂದು ಕಂಡುಹಿಡಿದು ಸರಿಮಾಡಬಹುದು. ಅದೇ ಸಾಲಿಗೆ ಎರಡನೆಯ ತಪ್ಪು ಬಿದ್ದರೆ ಮಾತ್ರ ಯಾವುದು ಸರಿ ಯಾವುದು ತಪ್ಪು ಎಂದು ತಿಳಿಯುವುದಿಲ್ಲ, ಆ ಸಾಲು ಹೋದಂತೆಯೇ. ಆಗ ಚೌಕ ಕಪ್ಪಾಗುತ್ತದೆ. ನಮಗೆ ಬೇಕಾದದ್ದು ಇಷ್ಟೇ: ಬೀಮ್ ಮುಗಿದಾಗ ಪರದೆಯ ಮೇಲೆ ಒಂದೂ ಕಪ್ಪು ಇರಬಾರದು.

ಮೊದಲ ಚಿಪ್ಪನ್ನು ಬೀಮಿಗೆ ಬಿಟ್ಟೆವು. ಕೆಂಪು ಅಲ್ಲೊಂದು ಇಲ್ಲೊಂದು ಬಂತು. ನಾನು ಉಗುರು ಕಚ್ಚುತ್ತ ನೋಡುತ್ತಿದ್ದೆ. ಅಪ್ಪನೂ ಕುತ್ತಿಗೆ ಮುಂದೆ ಚಾಚಿ ನೋಡುತ್ತಿದ್ದ. ಆ ಚಿಪ್ಪಿಗೆ ಬೀಳಬೇಕಾದ ಬೀಮಿನ ಪಾಲು ಅರ್ಧ ಆಗುವುದರೊಳಗೆ ಮೊದಲ ಕಪ್ಪು ಬಂತು, ಅದರ ಹಿಂದೆಯೇ ಇನ್ನಷ್ಟು. ಎರಡನೆಯ ಚಿಪ್ಪು ಹಾಕಿದೆವು. ಅದೂ ಹಾಗೇ. ಬೀಮ್ ನಿಂತಾಗ ಮಾತ್ರ ನಾನು ಮೌಸನ್ನು ಕೆಂಪು ಚೌಕದ ಮೇಲೊಯ್ದು ಒಂದು ಗುಂಡಿ ಒತ್ತಿ, ಸಾಲನ್ನು ಸರಿಯಾಗಿ ಮತ್ತೆ ಬರೆಸಿ, ಪರದೆ ಸ್ವಚ್ಛ ಮಾಡುತ್ತಿದ್ದೆ. ಮುಂದಿನ ಸರದಿಗೆ ತಯಾರಿ ಅದು, ಅಷ್ಟೇ.

ಸರ್ ಅವರಿಗೆ ಫೋನ್ ಮಾಡಿದೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಅವರು ಎರಡೂ ಚಿಪ್ಪಿನ ಲೆಕ್ಕ ಕೇಳಿಸಿಕೊಂಡರು. ಆಮೇಲೆ, "ಇರ್ಲಿ ಬಿಡ್ರಿ. ಆಗಲಿಲ್ಲಂದ್ರ ಆಗಲಿಲ್ಲ. ಇದ್ದದ್ದು ಇದ್ದಂಗ ಬರ್ಕೊಂಡು ಬರ್ರಿ" ಅಂದರು. ಅವರು ಬಯ್ದಿದ್ದರೆ ನನಗೆ ಹಗುರಾಗುತ್ತಿತ್ತು. ರೊಟ್ಟಿ ಬಿಚ್ಚಿದ ಅಪ್ಪನಿಗೆ ನನಗೆ ಬೇಡ ಎಂದು ಕೈ ಮಾಡಿ ತೋರಿಸಿದೆ.

ಮೂರನೆಯ ಚಿಪ್ಪು ಹಾಕಿದ ಸ್ವಲ್ಪ ಹೊತ್ತಿಗೆ ಬೀಮ್ ಏರುಪೇರಾಗತೊಡಗಿತು. ಯಂತ್ರ ನಡೆಸುವ ಹಿರಿಯರು ನನ್ನನ್ನು ತಮ್ಮ ಕೋಣೆಗೆ ಕರೆದರು. ಹೋಗುವಾಗ ಅಪ್ಪನಿಗೆ ಹೇಳಿದೆ: "ಇದನ್ನ ನೋಡ್ಕೋತಾ ಇರು. ಕಪ್ಪು ಬಂತಂದ್ರ ನನಗ ಹೇಳಾಕ ಬಾ."

"ಹೂಂ" ಅಂದ ಅಪ್ಪ.

ಅಲ್ಲಿ ಬೀಮ್ ಮತ್ತೆ ಹದಕ್ಕೆ ಬರುವವರೆಗೂ ನಿಂತೆ. ಬಂದ ಮೇಲೂ, ಮತ್ತೆ ಕೈಕೊಟ್ಟೀತು ಎಂದು, ಪಾಲು ಮುಗಿಯುವ ತನಕ ಅಲ್ಲೇ ಇದ್ದೆ. ಅಪ್ಪ ಕರೆಯಲು ಬರಲಿಲ್ಲ. ಪರದೆ ನೋಡುತ್ತ ನಿದ್ದೆ ಹೋಗಿರಬೇಕು ಎಂದುಕೊಂಡೆ. ತಿರುಗಿ ಬಂದು ನೋಡುತ್ತೇನೆ, ಪರದೆಯ ತುಂಬ ಹಸಿರು. ಒಂದೂ ಕಪ್ಪಿಲ್ಲ. ಈ ಚಿಪ್ಪು ಮಾತ್ರ ತಡೆದುಕೊಂಡಿತೇ?

"ಅಪ್ಪಾ, ಒಂದೂ ಕಪ್ಪು ಬರಲಿಲ್ಲೇನು?"

"ಇಲ್ಲ."

"ಕೆಂಪು?"

"ಕೆಂಪು ಭಾಳ ಬಂದ್ವು. ಬಂದಂಗ ಬಂದಂಗ ಸರಿಮಾಡೀನಿ."

ನನಗೆ ಮೊದಲು ಅರ್ಥವಾಗಲಿಲ್ಲ. "ಏನ್ ಮಾಡೀದಿ?"

"ನೀ ಮಾಡ್ತಿದ್ದೆಲ್ಲ, ಹಂಗ. ಅದರ ಮ್ಯಾಲ ಒಯ್ದು ಒತ್ತೂದು. ಒತ್ತಿದರ ಹಸರ ಆಗ್ತೈತಿ." ಅಪ್ಪನ ಮುಖದಲ್ಲಿ ದೊಡ್ಡ ಕೆಲಸ ಮುಗಿಸಿದ ಸಮಾಧಾನವಿತ್ತು. ಮೌಸಿನ ಮೇಲಿಂದ ಇನ್ನೂ ಕೈ ತೆಗೆದಿರಲಿಲ್ಲ.

ನನ್ನ ತಲೆಗೆ ಸಿಟ್ಟು ಏರಿತು. ಮಗ್ಗದ ಮನೆಯ ಗಂಟಲು ಪೂರಾ ಬಿಟ್ಟೆ. "ನಿನಗ ಯಾರು ಮುಟ್ಟಂತ ಹೇಳಿದ್ರು? ತಪ್ಪು ಎಷ್ಟು ಬರ್ತಾವಂತ ನೋಡಾಕ ಬಂದೀವಿ ನಾವು, ತಿದ್ದಾಕ ಅಲ್ಲ. ಇಷ್ಟು ದಿನ ಕಾದದ್ದೆಲ್ಲಾ ನೀರಾಗ ಹಾಕಿದಿ. ಮನ್ಯಾಗ ಇರಬೇಕಿತ್ತು ನೀ."

ಬಾಗಿಲ ಬಳಿ ಮುಂದಿನ ಪಾಳಿಯವರು ಆಗಲೇ ಬಂದು ನಿಂತಿದ್ದರು. ಭಾಷೆ ಬಾರದಿದ್ದರೂ ಎಲ್ಲರಿಗೂ ತಿಳಿಯಿತು. ಅಪ್ಪ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.

"ಮುಟ್ಟಬ್ಯಾಡ ಅಂತ ನೀ ಎಲ್ಲಿ ಹೇಳಿದಿ?" ಅಂದ. ಅವನ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ. "ಮಗ್ಗದಾಗ ಎಳಿ ಕಡದದ್ದು ಕಣ್ಣಿಗೆ ಕಂಡ ಮ್ಯಾಲ ಹ್ಯಾಂಗ ಬಿಡೂದು? ಬಿಟ್ರ ಬಾಜೂದ್ದಕ್ಕ ಸಿಕ್ಕೊಂಡು ಅದನ್ನೂ ಕಡೀತೈತಿ."

ಆಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಮೇಜಿನಿಂದ ಕುರ್ಚಿ ಹಿಂದೆ ಸರಿಸಿ ಕೂತ. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಯಂತ್ರ ನಡೆಸುವ ಹಿರಿಯರು ಬಂದು, ಬೀಮಿನ ಪಾಲು ಪೂರ್ತಿ ಬಿದ್ದಿದೆ, ನಿಮ್ಮ ಚಿಪ್ಪು ಹೇಗಿದೆ, ಮುಗಿಸಬಹುದೇ ಎಂದು ಹಿಂದಿಯಲ್ಲಿ ಕೇಳಿದರು. ಹೇಗಿರುತ್ತದೆ ಎಂದು ಮನಸ್ಸಿನಲ್ಲೇ ಗೊಣಗುತ್ತ, ಪ್ರತಿ ಸರದಿಯ ಕೊನೆಗೆ ಮಾಡುವಂತೆ ಚಿಪ್ಪಿನಲ್ಲಿ ಬರೆದಿದ್ದನ್ನೆಲ್ಲ ಓದಿಸಿದೆ. ಎಲ್ಲ ಸಾಲುಗಳೂ ಬಂದವು. ಮೊದಲು ಬರೆದಿಟ್ಟಂತೆಯೇ ಇದ್ದವು. ಹಿಂದಿನ ಎರಡು ಚಿಪ್ಪುಗಳು ತಿಂದಷ್ಟೇ ಪೆಟ್ಟು ಇದೂ ತಿಂದಿತ್ತು, ಒಂದು ಸಾಲೂ ಹೋಗಿರಲಿಲ್ಲ.

ನಾನು ಕುರ್ಚಿ ಎಳೆದುಕೊಂಡು ಕೂತೆ. ಒಂದು ತಪ್ಪಿರುವಾಗಲೇ ತಿದ್ದಿಬಿಟ್ಟರೆ ಎರಡನೆಯದು ಬಂದು ಕೂಡುವುದಿಲ್ಲ. ಎರಡು ಕೂಡದಿದ್ದರೆ ಕಪ್ಪು ಬರುವುದಿಲ್ಲ. ಅಪ್ಪ ಏನೂ ಹೊಸದನ್ನು ಕಂಡುಹಿಡಿದಿರಲಿಲ್ಲ. ಇದು ಪುಸ್ತಕದಲ್ಲಿರುವ ವಿಷಯ, ನಾನೇ ಓದಿದ್ದೆ, ಹುಡುಗರಿಗೆ ಒಮ್ಮೆ ಕಲಿಸಿಯೂ ಇದ್ದೆ. ಆದರೆ ಪರೀಕ್ಷೆ ಎಂದರೆ ಚಿಪ್ಪನ್ನು ಹೊಡೆತಕ್ಕೆ ಒಡ್ಡಿ ಕೈಕಟ್ಟಿ ನೋಡುವುದು ಎಂದು ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಮೇಲೆ ಹೋದ ಮೇಲೆ ಅಪ್ಪ ಅಲ್ಲಿ ಕುಳಿತು ಗುಂಡಿ ಒತ್ತಲಾರ, ಸರಿ. ಆದರೆ ಆ ಬೋರ್ಡಿಗೇ ಅದನ್ನು ಹೇಳಿಕೊಡಬಹುದಲ್ಲ? ಬಿಡುವಿದ್ದಾಗಲೆಲ್ಲ ಸಾಲುಸಾಲು ಓದುತ್ತ ಹೋಗು, ಕೆಂಪು ಕಂಡರೆ ತಿದ್ದು.

ಸರ್ ಅವರಿಗೆ ಮತ್ತೆ ಫೋನ್ ಮಾಡಿದೆ. ತೊದಲುತ್ತಲೇ ಎಲ್ಲ ಹೇಳಿ, ಹೀಗೆ ತಾನೇ ತಿದ್ದಿಕೊಂಡರೆ ಸಮಿತಿಯವರು ಒಪ್ಪುತ್ತಾರೆಯೇ ಎಂದು ಕೇಳಿದೆ.

"ಯಾಕ ಒಪ್ಪೂದಿಲ್ರಿ?" ಸರ್ ದನಿಗೆ ಜೀವ ಬಂದಿತ್ತು. "ಬೋರ್ಡಿನಾಗಿಂದು ಒಂದು ಸಾಲೂ ಹೋಗಬಾರದು ಅಂದಾರ. ತಿದ್ದಬ್ಯಾಡ್ರಿ ಅಂತ ಎಲ್ಲಿ ಅಂದಾರ? ಆದ್ರ ನಿಮ್ಮಪ್ಪಾರ ಕೈಲೆ ತಿದ್ದಿಸಿದ್ದು ನಡ್ಯೂದಿಲ್ಲ. ತಾನs ತಿದ್ದಿಕೊಂಡದ್ದು ತೋರಸ್ರಿ."

ಉಳಿದದ್ದು ಒಂದೇ ಚಿಪ್ಪು. ಪಾಳಿಯ ಹೊತ್ತು ಮುಗಿದಿತ್ತು. ಬಾಗಿಲಲ್ಲಿ ನಿಂತ ಮುಂದಿನ ಪಾಳಿಯವರ ಬಳಿ ಹೋಗಿ ಕೈಮುಗಿದೆ. ಅವರಲ್ಲಿ ಹಿರಿಯಳಾಗಿ ಕಂಡ ಒಬ್ಬ ಹೆಂಗಸು, ನನ್ನ ಮುಖಕ್ಕಿಂತ ಹೆಚ್ಚಾಗಿ ಹಿಂದೆ ಕೂತ ಅಪ್ಪನ ಮುಖ ನೋಡಿ ಇರಬೇಕು, ನಾವು ಚಹಾ ಕುಡಿದು ಊಟವನ್ನೂ ಮುಗಿಸಿ ಬರುತ್ತೇವೆ, ಅಷ್ಟರೊಳಗೆ ಮಾಡಿಕೊಳ್ಳಿ ಎಂದು ತನ್ನವರನ್ನು ಕರೆದುಕೊಂಡು ಹೊರಟಳು. ಆಕೆಯ ಹೊಟ್ಟೆ ತಣ್ಣಗಿರಲಿ.

ತಿದ್ದುವ ಪ್ರೋಗ್ರಾಮ್ ನಾನೇ ಬರೆದದ್ದು, ಗುಂಡಿ ಒತ್ತಿದಾಗ ನಡೆಯುತ್ತಿದ್ದದ್ದು ಅದೇ. ಗುಂಡಿಗೆ ಕಾಯದೆ ತಾನಾಗಿ ನಡೆಯುವಂತೆ ಕೆಲವು ಸಾಲು ಸೇರಿಸಬೇಕಿತ್ತು. ಅವಸರಕ್ಕೆ ಎರಡು ಸಲ ತಪ್ಪು ಬರೆದು ತಿದ್ದಿದೆ. ನಾಲ್ಕನೆಯ ಚಿಪ್ಪು ಒಳಗೆ ಹೋಯಿತು, ಬೀಮ್ ಬಂತು.

ನಾನು ಅಪ್ಪನ ಕುರ್ಚಿಯನ್ನು ಹಿಡಿದು ಮೇಜಿನ ಹತ್ತಿರ ಎಳೆದೆ. "ಅಪ್ಪಾ, ತಪ್ಪಾತು. ಹಂಗ ಅನ್ನಬಾರದಿತ್ತು ನಾ."

"ಅದಿರ್ಲಿ. ಅಲ್ಲಿ ಕೆಂಪು ಬಂತು ನೋಡು" ಅಂದ. ಅವನ ಬಲಗೈ ತೊಡೆಯ ಕೆಳಗಿಂದ ಹೊರಗೆ ಬಂದು ಮೌಸಿನ ತನಕ ಹೋಗಿ, ಅಲ್ಲೇ ತಡೆಯಿತು.

"ಬಿಡು, ಅದs ತಿದ್ದಿಕೋತೈತಿ."

ಕೆಂಪು ಹಸಿರಾಯಿತು. ಇನ್ನೊಂದು ಕಡೆ ಕೆಂಪು ಬಂತು, ಅದೂ ಹಸಿರಾಯಿತು. ಅಪ್ಪ ಪ್ರತಿ ಸಲವೂ ಕೈ ಎತ್ತಿ ಇಳಿಸುತ್ತಿದ್ದ. ಒಮ್ಮೆ ಪರದೆಯ ಮೂಲೆಯಲ್ಲಿ ಒಂದು ಕೆಂಪು ಹಾಗೇ ನಿಂತುಬಿಟ್ಟಿತು. ತಿದ್ದುವ ಸರದಿ ಅದರ ಹತ್ತಿರ ಬರಬೇಕು, ಇನ್ನೂ ದೂರವಿತ್ತು. ಆ ಸಾಲಿಗೇ ಇನ್ನೊಂದು ಪೆಟ್ಟು ಬಿದ್ದರೆ ಕತೆ ಮುಗಿದಂತೆ. ನಾನು ಅಪ್ಪನ ತೋಳನ್ನು ಎಷ್ಟು ಜೋರಾಗಿ ಹಿಡಿದಿದ್ದೆನೋ, ಅವನು ಆಮೇಲೆ ಅವ್ವನಿಗೆ ಉಗುರಿನ ಗುರುತು ತೋರಿಸಿದ. ಚೌಕ ಹಸಿರಾದಾಗ ನಾವಿಬ್ಬರೂ ಒಟ್ಟಿಗೇ ಉಸಿರು ಬಿಟ್ಟೆವು.

ಬೀಮ್ ನಿಂತಿತು. ಎಲ್ಲ ಸಾಲನ್ನೂ ಓದಿಸಿದೆ. ಒಂದೂ ಹೋಗಿರಲಿಲ್ಲ. ನಾನು ಅಲ್ಲೇ ಮೇಜಿಗೆ ಹಣೆ ಹಚ್ಚಿ ಅತ್ತೆ. ಅಪ್ಪನಿಗೆ ಗಾಬರಿಯಾಗಿ, "ಯಾಕ ಯವ್ವಾ, ಇದೂ ಕೆಟ್ಟಿತೇನು?" ಎಂದು ಕೇಳಿದ. ಪಾಸಾಯಿತು ಎಂದು ಅವನ ಮಂದ ಕಿವಿಗೆ ಕೂಗಿ ಹೇಳಬೇಕಾಯಿತು. ಊಟ ಮುಗಿಸಿ ಬಂದ ಮುಂದಿನ ಪಾಳಿಯವರು ಆ ಕೂಗಿಗೆ ಮತ್ತೆ ಬಾಗಿಲಲ್ಲೇ ನಿಂತರು. ಅಪ್ಪ ಉಳಿದ ರೊಟ್ಟಿಯನ್ನೆಲ್ಲ ಅವರಿಗೆ ಕೊಟ್ಟು ಬಂದ.

ಸಮಿತಿಯವರು ಒಪ್ಪಿದರು. ನಮ್ಮ ಬೋರ್ಡು ಹೋಯಿತು, ದೊಡ್ಡದೊಂದು ಉಪಗ್ರಹದ ಜೊತೆಗೆ ಸಣ್ಣ ಪ್ರಯಾಣಿಕನಾಗಿ. ಹೋದ ಮೇಲಿನ ಕೆಲವು ದಿನ ಅದರಿಂದ ಯಾವ ಸುದ್ದಿಯೂ ಬರಲಿಲ್ಲ. ನಾನು ಊಟ ಬಿಟ್ಟೆ, ಹುಡುಗರ ಮೇಲೆ ಹರಿಹಾಯ್ದೆ. ಅಪ್ಪ ದಿನಾ ಸಂಜೆ ಫೋನ್ ಮಾಡಿ, "ಬಂತೇನು?" ಅನ್ನುತ್ತಿದ್ದ. "ಇಲ್ಲ" ಎಂದರೆ ಫೋನ್ ಇಟ್ಟು ಮಗ್ಗಕ್ಕೆ ಹೋಗುತ್ತಿದ್ದ.

ಸುದ್ದಿ ಬಂದ ದಿನ ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ಕಾಲೇಜಿನಿಂದ ನೇರವಾಗಿ ಬಸ್ ಹತ್ತಿದೆ. ಮನೆ ಮುಟ್ಟಿದಾಗ ಎರಡೂ ಮಗ್ಗ ನಡೆಯುತ್ತಿದ್ದವು, ಅಪ್ಪ ಅವುಗಳ ನಡುವೆ ನಿಂತಿದ್ದ. ನನ್ನನ್ನು ನೋಡಿದವನು ಮಗ್ಗ ನಿಲ್ಲಿಸಲಿಲ್ಲ, ಬಾಯಿಯನ್ನಷ್ಟೇ ನೋಡಿದ.

"ಬಂತಪ್ಪಾ," ಎಂದು ಕೂಗಿದೆ. "ಬರದಿಟ್ಟದ್ದೆಲ್ಲಾ ಬರೋಬ್ಬರಿ ಐತಿ."

"ತಪ್ಪು ಬರ್ತಾವೇನು ಇನ್ನೂ?"

"ದಿನಾ ಬರ್ತಾವ. ದಿನಾ ತಿದ್ದಿಕೊಳ್ಳಾಕತ್ತೈತಿ."

ಅಪ್ಪ ತಲೆ ಮೇಲೆತ್ತಿ ಮನೆಯ ಜಂತಿಯನ್ನು ನೋಡಿದ, ಅದರಾಚೆ ಏನೋ ಕಂಡವನಂತೆ. ಕಣ್ಣುಗಳು ಒದ್ದೆಯಾಗಿದ್ದವು.

"ಹಂಗಾರ ಅದೂ ನಡದೈತಿ ಬಿಡು," ಎಂದು ಮಗ್ಗಕ್ಕಿಂತ ಜೋರಾಗಿ ಹೇಳಿದ.